ಯಜಮಾನನಿಲ್ಲದ ಜೇನಿಗೆ ಹಿಟ್ಟು ಕೊಡುವವರಾರು?

"ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು." ಈ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಪರೀಕ್ಷೆಯಲ್ಲಿ ಎಷ್ಟು ತಲೆಮಾರಿನ ಮಕ್ಕಳನ್ನು ಕೇಳಿದ್ದೇನೆಯೋ ಲೆಕ್ಕವಿಲ್ಲ. ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ಇದಕ್ಕೆ ಐದರಲ್ಲಿ ಮೂರು ಅಂಕ ಪಡೆದವರೇ ಆಗಿರಬಹುದು. ಮನುಷ್ಯರ ಮಟ್ಟಿಗೆ ಗಾದೆ ಸರಿಯಾಗಿಯೇ ಇದೆ. ಹಿಟ್ಟು ಮೊದಲು, ಹೂವು ಆಮೇಲೆ. ಆದರೆ ಜೇನುನೊಣದ ಮಟ್ಟಿಗೆ ಅದು ತಲೆಕೆಳಗಾಗುತ್ತದೆ. ಆ ಜೀವಿಯ ಹೊಟ್ಟೆಗೆ ಬೇಕಾದುದೇ ಹೂವು. ನಾವಾದರೋ ಇತ್ತೀಚೆಗೆ ಅದರ ಹೂವನ್ನು ಕಿತ್ತುಕೊಂಡು ಹೊಟ್ಟೆಗೆ ಹಿಟ್ಟು ಕೊಡಲು ಹೊರಟಿದ್ದೇವೆ.

ಈ ಮಾತನ್ನು ಇಲ್ಲಿ ಎತ್ತಲು ಕಾರಣವಿದೆ. ಒಂದೆರಡು ವರ್ಷಗಳಿಂದ ಊರಿನಲ್ಲಿ ಜೇನು ಸಾಕುವ ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಬಗೆಯಲ್ಲಿ ಕೇಳುತ್ತಿದ್ದಾರೆ. "ಸಾರ್, ಪರಾಗದ ಬದಲಿಗೆ ಕೊಡುವ ಹಿಟ್ಟು ಪ್ಯಾಕೆಟ್ಟಿನಲ್ಲಿ ಸಿಗುತ್ತದಂತೆ, ಮಳೆಗಾಲದಲ್ಲಿ ಕೊಡಬಹುದೇ? ಕೊಟ್ಟರೆ ಕುಟುಂಬ ಬಲವಾಗುತ್ತದೆಯೇ?" ಒಬ್ಬೊಬ್ಬರಿಗೂ ದೂರವಾಣಿಯಲ್ಲಿ ಉತ್ತರಿಸುವುದಕ್ಕಿಂತ ಒಮ್ಮೆ ಇಲ್ಲಿ ಬರೆದುಬಿಡುವುದು ಲೇಸೆನಿಸಿತು. ಜೇನು ಸಾಕದವರೂ ದಯವಿಟ್ಟು ಕೊನೆಯವರೆಗೆ ಓದಬೇಕು. ಹೇಳಬೇಕಾದ ಮುಖ್ಯ ಮಾತು ಇರುವುದು ಅವರಿಗಾಗಿಯೇ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಿಟ್ಟು ಕೊಡುವುದು ಪಾಪವಲ್ಲ. ಹಸಿದ ಪ್ರಾಣಿಗೆ ಉಣಿಸುವುದು ಸಾಕಿದವನ ಧರ್ಮ. ಆದರೆ ನಮ್ಮ ಕರಾವಳಿ-ಮಲೆನಾಡಿನ ತುಡುವೆ ಪೆಟ್ಟಿಗೆಗಳಿಗೆ ಅದು ಮೊದಲ ಮದ್ದಾಗಬಾರದು, ಕೊನೆಯದಾಗಬೇಕು. ಅದಕ್ಕಿಂತ ಮುಖ್ಯವಾಗಿ, ಹಿಟ್ಟು ಸಿಗುತ್ತದೆಂಬ ಧೈರ್ಯದಿಂದ ನಾವು ಹೂವಿನ ಚಿಂತೆ ಬಿಟ್ಟರೆ, ಹಿಟ್ಟು ಸಿಗದ ಜೇನುಗಳು ಸಾಯುತ್ತವೆ. ಅವುಗಳ ಸಂಖ್ಯೆಯೇ ಹೆಚ್ಚು.

ಮೊದಲು ಸ್ವಲ್ಪ ಪಾಠ. ಹಳಗನ್ನಡದಲ್ಲಿ ದುಂಬಿಗೆ 'ಬಂಡುಣಿ' ಎಂಬ ಸೊಗಸಾದ ಹೆಸರುಂಟು. ಬಂಡು ಎಂದರೆ ಮಕರಂದ. ಅದನ್ನು ಉಣ್ಣುವುದು ಬಂಡುಣಿ. ಹೆಸರು ಚೆನ್ನಾಗಿದೆ, ಆದರೆ ಅರ್ಧ ಊಟವನ್ನು ಮಾತ್ರ ಹೇಳುತ್ತದೆ. ಮಕರಂದ ಜೇನಿಗೆ ಅನ್ನವಿದ್ದಂತೆ. ಹಾರುವ ಶಕ್ತಿ, ಗೂಡನ್ನು ಬೆಚ್ಚಗಿಡುವ ಶಕ್ತಿ ಅದರಿಂದ. ಮೈ ಕಟ್ಟಲು ಬೇಕಾದ ಸಸಾರಜನಕ, ಕೊಬ್ಬು, ಜೀವಸತ್ವ, ಲವಣ ಎಲ್ಲವೂ ಬರಬೇಕಾದುದು ಪರಾಗದಿಂದ. ಹಿಂಗಾಲುಗಳಲ್ಲಿ ಹಳದಿ, ಕಿತ್ತಳೆ, ಬೂದು ಬಣ್ಣದ ಉಂಡೆಗಳನ್ನು ಹೊತ್ತು ತರುವ ನೊಣವನ್ನು ನೀವು ನೋಡಿರಬಹುದು. ಆ ಉಂಡೆಗಳನ್ನು ಎರಿಯ ಕೋಣೆಗಳಲ್ಲಿ ಗಿಡಿದು, ಜೇನು ಮತ್ತು ತಮ್ಮ ಬಾಯಿಯ ರಸ ಬೆರೆಸಿ ಹುದುಗು ಬರಿಸುತ್ತವೆ, ನಮ್ಮ ದೋಸೆಹಿಟ್ಟಿನ ಹಾಗೆ. ಎಳೆಯ ಕೆಲಸಗಾರ ನೊಣಗಳು ಇದನ್ನು ತಿಂದು ತಲೆಯಲ್ಲಿರುವ ಗ್ರಂಥಿಗಳಿಂದ ಹಾಲಿನಂಥ ರಸವನ್ನು ಒಸರಿಸಿ ಮರಿಗಳಿಗೂ ರಾಣಿಗೂ ಉಣಿಸುತ್ತವೆ. ಪರಾಗವಿಲ್ಲದಿದ್ದರೆ ಈ ಹಾಲು ಬತ್ತುತ್ತದೆ. ಪೆಟ್ಟಿಗೆಯಲ್ಲಿ ಕಿಲೋಗಟ್ಟಲೆ ಜೇನು ಇದ್ದರೂ ಮರಿ ಬೆಳೆಯುವುದಿಲ್ಲ. ಕೊರತೆ ತೀವ್ರವಾದರೆ ನೊಣಗಳು ತಮ್ಮ ಮೊಟ್ಟೆ-ಮರಿಗಳನ್ನೇ ತಿಂದು ಆ ಸತ್ವವನ್ನು ಉಳಿಸಿಕೊಳ್ಳುತ್ತವೆ.

ಯುರೋಪಿಯನ್ ಜೇನಿನ ಲೆಕ್ಕದಲ್ಲಿ ಒಂದು ಕೆಲಸಗಾರ ನೊಣವನ್ನು ಮೊಟ್ಟೆಯಿಂದ ಬೆಳೆಸಲು ಸುಮಾರು 125ರಿಂದ 145 ಮಿಲಿಗ್ರಾಂ ಪರಾಗ ಬೇಕು. ಅಂದರೆ ಒಂದು ಕಿಲೋ ಪರಾಗದಿಂದ ಏಳೆಂಟು ಸಾವಿರ ನೊಣ. ಅದರ ಒಂದು ಕುಟುಂಬ ವರ್ಷಕ್ಕೆ ಹತ್ತಾರು ಕಿಲೋ ಪರಾಗವನ್ನು ಖಾಲಿ ಮಾಡುತ್ತದೆ. ತುಡುವೆಯ ಮೈಯೂ ಸಂಸಾರವೂ ಚಿಕ್ಕದು. ಅದರ ಖರ್ಚೂ ಅಷ್ಟೇ ಚಿಕ್ಕದು.

ಇನ್ನು ಬದಲಿ ಆಹಾರದ ಕಥೆ. ಇದು ಹೊಸ ಸಂಗತಿಯೇನೂ ಅಲ್ಲ. ಉಕ್ರೇನಿನಲ್ಲಿ ಹುಟ್ಟಿ ಅಮೆರಿಕದ ಮಿನ್ನೆಸೊಟಾ ವಿಶ್ವವಿದ್ಯಾಲಯದಲ್ಲಿ ದುಡಿದ ಮೈಕೋಲಾ ಹೇಡಾಕ್ ಎಂಬ ವಿಜ್ಞಾನಿ 1930ರ ದಶಕದಿಂದಲೇ ಇದರ ಬೆನ್ನು ಹತ್ತಿದ್ದರು. ಮೂರು ಪಾಲು ಸೋಯಾ ಹಿಟ್ಟು, ಒಂದು ಪಾಲು ಯೀಸ್ಟ್, ಒಂದು ಪಾಲು ಕೆನೆ ತೆಗೆದ ಹಾಲಿನ ಪುಡಿ - ಇದು ಅವರ ಹೆಸರಿನಲ್ಲಿ ಪ್ರಸಿದ್ಧವಾದ ಮಿಶ್ರಣ. ಸಕ್ಕರೆ ಪಾಕದಲ್ಲಿ ಇದನ್ನು ಚಪಾತಿ ಹಿಟ್ಟಿನಂತೆ ಕಲಸಿ, ತಟ್ಟಿ, ಚೌಕಟ್ಟುಗಳ ಮೇಲೆ ಇಡುತ್ತಿದ್ದರು. ನಮ್ಮ ದೇಶದಲ್ಲಿ ಇದಕ್ಕೆ ಹುರಿಗಡಲೆ ಹಿಟ್ಟು ಸೇರಿಸುವ ಪದ್ಧತಿಯೂ ಬಂತು. 1953ರಲ್ಲಿ ಹಾಲೆಂಡಿನ ಡಿ ಗ್ರೂಟ್ ಎಂಬವರು ಜೇನಿಗೆ ಅತ್ಯಗತ್ಯವಾದ ಹತ್ತು ಅಮೈನೊ ಆಮ್ಲಗಳನ್ನು ಗುರುತಿಸಿದರು. ಹತ್ತೂ ಇದ್ದರೆ ಸಸಾರಜನಕದ ಲೆಕ್ಕ ಮುಗಿಯಿತು ಎನ್ನಬಹುದಿತ್ತು.

ಮುಗಿಯಲಿಲ್ಲ. ಇಂಥ ಹಿಟ್ಟನ್ನೇ ತಿಂದ ಕುಟುಂಬಗಳು ಕೆಲವು ವಾರ ಚೆನ್ನಾಗಿ ಮರಿ ಬೆಳೆಸಿ ಆಮೇಲೆ ಸೊರಗುತ್ತಿದ್ದವು. ಕಾರಣಗಳಲ್ಲಿ ಒಂದು, ಸ್ಟೆರಾಲ್ ಎಂಬ ಕೊಬ್ಬಿನ ಜಾತಿಯ ವಸ್ತು. ಕೀಟಗಳು ಅದನ್ನು ತಮ್ಮ ಮೈಯಲ್ಲಿ ತಯಾರಿಸಿಕೊಳ್ಳಲಾರವು, ಆಹಾರದಿಂದಲೇ ಪಡೆಯಬೇಕು. ಜೇನಿಗೆ ಬೇಕಾದ ಬಗೆಯ ಸ್ಟೆರಾಲ್‌ಗಳು ಪರಾಗದಲ್ಲಿವೆ. ಸೋಯಾದಲ್ಲಿ ಅವುಗಳ ಹದ ಬೇರೆ. ಇನ್ನೊಂದು ಕಾರಣ ಜೀರ್ಣಶಕ್ತಿಯದು. ಸೋಯಾದಲ್ಲಿರುವ ರಾಫಿನೋಸ್, ಸ್ಟ್ಯಾಕಿಯೋಸ್ ಮತ್ತು ಹಾಲಿನ ಲ್ಯಾಕ್ಟೋಸ್ ಎಂಬ ಸಕ್ಕರೆಗಳು ಪ್ರಮಾಣ ಮೀರಿದರೆ ಜೇನಿಗೆ ವಿಷವೇ. ನಮಗೆ ಅಮೃತವಾದ ಹಾಲು ನೊಣಕ್ಕೆ ಅಮೃತವಾಗಬೇಕೆಂದೇನೂ ಇಲ್ಲವಲ್ಲ.

2025ರ ಆಗಸ್ಟಿನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನೇತೃತ್ವದ ತಂಡವೊಂದು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ಈ ದಿಕ್ಕಿನಲ್ಲಿ ದೊಡ್ಡ ಹೆಜ್ಜೆ. ಅವರು ಒಂದು ಜಾತಿಯ ಯೀಸ್ಟಿನ ವಂಶವಾಹಿಗಳನ್ನು ತಿದ್ದಿ, ಜೇನಿಗೆ ಬೇಕಾದ ಆರು ಮುಖ್ಯ ಸ್ಟೆರಾಲ್‌ಗಳನ್ನು ಅದರಲ್ಲಿಯೇ ತಯಾರಾಗುವಂತೆ ಮಾಡಿದರು. ಮೂರು ತಿಂಗಳ ಪ್ರಯೋಗದಲ್ಲಿ, ಈ ಯೀಸ್ಟ್ ಬೆರೆತ ಆಹಾರ ಉಂಡ ಕುಟುಂಬಗಳಲ್ಲಿ, ಅದಿಲ್ಲದ ಆಹಾರ ಉಂಡವುಗಳಿಗಿಂತ ಹದಿನೈದು ಪಟ್ಟಿನವರೆಗೆ ಹೆಚ್ಚು ಮರಿಗಳು ಕೋಶಾವಸ್ಥೆಯನ್ನು ತಲುಪಿದವು. ವಿಜ್ಞಾನದ ಅಧ್ಯಾಪಕನಾಗಿದ್ದ ನನಗೆ ಇದನ್ನು ಓದಿ ನಿಜವಾಗಿಯೂ ಸಂತೋಷವಾಯಿತು. ತೊಂಬತ್ತು ವರ್ಷಗಳ ಗಂಟೊಂದು ಬಿಚ್ಚಿಕೊಳ್ಳುತ್ತಿದೆ. ಇನ್ನು ಕೆಲವು ವರ್ಷಗಳಲ್ಲಿ ನಿಜವಾಗಿಯೂ ಒಳ್ಳೆಯ ಹಿಟ್ಟು ಮಾರುಕಟ್ಟೆಗೆ ಬಂದರೆ ಆಶ್ಚರ್ಯವಿಲ್ಲ. ಆದುದರಿಂದ "ಹಿಟ್ಟು ಕೆಟ್ಟದ್ದು" ಎಂಬ ವಾದದ ಮೇಲೆ ನಾನು ನಿಲ್ಲುವುದಿಲ್ಲ. ಹಿಟ್ಟು ಒಳ್ಳೆಯದಾದಷ್ಟೂ ನನ್ನ ಆತಂಕ ಹೆಚ್ಚುತ್ತದೆ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಅದಕ್ಕೆ ಮೊದಲು ನಮ್ಮ ಊರಿನ ಮಳೆಗಾಲಕ್ಕೆ ಬರೋಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುಡುವೆಗೆ ಕಷ್ಟಕಾಲ. ಮಾರ್ಚ್-ಏಪ್ರಿಲ್‌ನಲ್ಲಿ ನೇರಳೆ, ಮತ್ತಿ ಇತ್ಯಾದಿ ಹೂ ಬಿಟ್ಟಾಗ ತುಂಬಿ ತುಳುಕಿದ ಪೆಟ್ಟಿಗೆ ಆಟಿ ತಿಂಗಳಲ್ಲಿ ಬಡವಾಗುತ್ತದೆ. ಆಗ ಸಕ್ಕರೆಯನ್ನೂ ನೀರನ್ನೂ ಸಮಸಮ ಬೆರೆಸಿ ಪಾನಕ ಕೊಡುವುದು ಹಳೆಯ ರೂಢಿ; ಅದು ತಪ್ಪಲ್ಲ. ನಾವು ಅವುಗಳ ಜೇನನ್ನು ಕೊಯ್ದು ತಂದಿದ್ದೇವೆ. ಮರಳಿ ಒಂದಿಷ್ಟು ಕೊಡುವುದು ಸಾಲ ತೀರಿಸಿದಂತೆ. ಜೇನು ಕೋಣೆ ಇಟ್ಟಮೇಲೆ ಮಾತ್ರ ಒಂದು ಚಮಚವನ್ನೂ ಕೊಡಬಾರದು. ಆ ಸಕ್ಕರೆ ನಾಳೆ ಜೇನೆಂಬ ಹೆಸರಿನಲ್ಲಿ ಬಾಟಲಿ ಸೇರುತ್ತದೆ. ಬೆಲ್ಲದ ಪಾನಕವೂ ಬೇಡ. ಅದರಿಂದ ನೊಣಗಳ ಹೊಟ್ಟೆ ಕೆಡುತ್ತದೆ.

ಪರಾಗದ ವಿಷಯ ಬೇರೆ. ತೆಂಗು ವರ್ಷವಿಡೀ ಹೊಂಬಾಳೆ ಬಿಡುವ ಮರ. ತೆಂಗಿನ ತೋಟವಿದ್ದಲ್ಲಿ ಪರಾಗ ಪೂರ್ತಿಯಾಗಿ ಬತ್ತುವುದಿಲ್ಲ. ಮಳೆಗಾಲದಲ್ಲಿ ಗುಡ್ಡೆಯ ಬದಿಯಲ್ಲಿ, ತೋಟದ ಅಂಚಿನಲ್ಲಿ ಮುಟ್ಟಿದರೆ ಮುನಿ ಹೂ ಬಿಡುತ್ತದೆ. ನಸುಗೆಂಪು ಬಣ್ಣದ ಆ ಪುಟ್ಟ ಚೆಂಡುಗಳ ಮೇಲೆ ಬೆಳಗಿನ ಹೊತ್ತು ತುಡುವೆಗಳು ಮುಗಿಬಿದ್ದಿರುವುದನ್ನು ಗಮನಿಸಿ. ಅವು ಬರುವುದು ಪರಾಗಕ್ಕೆ. ಶ್ರಾವಣ-ಭಾದ್ರಪದದಲ್ಲಿ ಗೌರಿಹೂ, ಮಳೆ ಇಳಿಯುತ್ತಿದ್ದಂತೆ ತುಂಬೆ. ಬಿಡುವಿಲ್ಲದ ಮಳೆಯಲ್ಲಿ ಹೊರಗೆ ಹೋಗಲಾಗದೆ ಹಸಿಯುವುದುಂಟು, ನಿಜ. ಆದರೆ ತುಡುವೆ ಈ ಮಳೆಯೊಂದಿಗೆ ಸಾವಿರಾರು ವರ್ಷ ಬಾಳಿದ ಜೀವಿ. ಬರಗಾಲ ಬಂದಾಗ ರಾಣಿ ಮೊಟ್ಟೆಯಿಡುವುದನ್ನು ತಗ್ಗಿಸುತ್ತದೆ, ಸಂಸಾರ ಕಿರಿದಾಗುತ್ತದೆ, ಬಿಸಿಲು ಬಂದಮೇಲೆ ಮತ್ತೆ ಹಿಗ್ಗುತ್ತದೆ. ಇದು ರೋಗವಲ್ಲ, ವಿವೇಕ. ಆಟಿಯ ನಡುವಿನಲ್ಲಿ ಸಸಾರಜನಕ ತುಂಬಿದ ಹಿಟ್ಟು ಕೊಟ್ಟು "ಸಂಸಾರ ಬೆಳೆಸು" ಎಂದು ಹುರಿದುಂಬಿಸಿದರೆ, ಹುಟ್ಟಿದ ಸಾವಿರಾರು ಬಾಯಿಗಳಿಗೆ ಮುಂದೆ ಉಣಿಸುವವರಾರು? ಹೊರಗೆ ಮಳೆ ಸುರಿಯುತ್ತಲೇ ಇರುತ್ತದೆ. ನೊಣಗಳು ಮುಟ್ಟದೆ ಉಳಿದ ಹಿಟ್ಟು ಆ ತೇವದಲ್ಲಿ ಬೂಷ್ಟು ಹಿಡಿಯುತ್ತದೆ, ಇರುವೆ ಮುತ್ತುತ್ತದೆ. ರೇಗಿದ ತುಡುವೆ ಪೆಟ್ಟಿಗೆಯನ್ನೇ ಬಿಟ್ಟು ಹಾರಿಹೋಗುವ ಸ್ವಭಾವದ್ದು ಎಂಬುದು ಸಾಕಿದವರಿಗೆಲ್ಲ ಗೊತ್ತು.

ಇಲ್ಲಿ ಒಂದು ವಿಪರ್ಯಾಸವನ್ನು ನೋಡಿ. ಹಿಂದೆ ಅಡಿಕೆ ತೋಟದ ಕಳೆಯನ್ನು ಕತ್ತಿಯಿಂದ ಸವರುತ್ತಿದ್ದರು. ಒಂದು ಕಡೆ ಸವರಿ ಮುಗಿಸುವಷ್ಟರಲ್ಲಿ ಇನ್ನೊಂದು ಕಡೆ ಚಿಗುರಿ ಹೂ ಬಿಟ್ಟಿರುತ್ತಿತ್ತು. ಈಗ ಆಳು ಸಿಗುವುದಿಲ್ಲ, ಕೂಲಿ ಕೈಗೆಟುಕುವುದಿಲ್ಲ, ಹಾಗಾಗಿ ಕಳೆನಾಶಕ. ಒಂದೇ ದಿನದಲ್ಲಿ ಅಷ್ಟೂ ತೋಟ, ಅಗಳು, ರಸ್ತೆಯಂಚು ಸಿಂಪಡಿಸಿ ಮುಗಿಸಿದರೆ ಹದಿನೈದು ದಿನದಲ್ಲಿ ಎಲ್ಲವೂ ಕಂದು. ಮುಟ್ಟಿದರೆ ಮುನಿಯೂ ಇಲ್ಲ, ತುಂಬೆಯೂ ಇಲ್ಲ. ಅದೇ ತೋಟದ ಮೂಲೆಯಲ್ಲಿ ಸಹಾಯಧನದಲ್ಲಿ ಬಂದ ಹತ್ತು ಜೇನುಪೆಟ್ಟಿಗೆ. ಅದೇ ಯಜಮಾನ ಪೇಟೆಗೆ ಹೋಗಿ ಪರಾಗದ ಬದಲಿ ಹಿಟ್ಟು ತರುತ್ತಾನೆ. ಒಂದು ಕೈಯಲ್ಲಿ ಕಳೆನಾಶಕದ ಕ್ಯಾನು, ಇನ್ನೊಂದು ಕೈಯಲ್ಲಿ ಸೋಯಾ ಹಿಟ್ಟು. ಎರಡಕ್ಕೂ ಹಣ ಕೊಟ್ಟವನು ಅವನೇ. ನಾನು ಯಾರನ್ನೂ ಹಂಗಿಸುತ್ತಿಲ್ಲ; ಆಳಿನ ಅಭಾವದ ಕಷ್ಟ ನನ್ನ ಮನೆಯ ತೋಟದಲ್ಲಿಯೂ ಇದೆ. ಆದರೆ ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಬೇಕೆಂಬುದು ನನ್ನ ವಿನಂತಿ.

ಈಗ ಬೇರೆ ಒಂದು ಹಿಟ್ಟಿನ ನೆನಪು. ಎಪ್ಪತ್ತರ ದಶಕದಲ್ಲಿ ನಾನು ಹಿರಿಯ ಪ್ರಾಥಮಿಕ ಶಾಲೆಯೊಂದಕ್ಕೆ ಅಧ್ಯಾಪಕನಾಗಿ ಸೇರಿದಾಗ ಶಾಲೆಯಲ್ಲಿ ಮಧ್ಯಾಹ್ನ 'ಕೇರ್' ಉಪ್ಪಿಟ್ಟು ಕೊಡುವ ಕ್ರಮವಿತ್ತು. ಅಮೆರಿಕದಿಂದ ಚೀಲಗಳಲ್ಲಿ ಬರುತ್ತಿದ್ದ ಹಳದಿ ಹಿಟ್ಟು. ಜೋಳ, ಸೋಯಾ, ಹಾಲಿನ ಪುಡಿ ಬೆರೆಸಿ ತಯಾರಿಸಿದ್ದು. ನಿಮ್ಮಲ್ಲಿ ಐವತ್ತೈದು ದಾಟಿದವರ ಮೂಗಿಗೆ ಆ ವಾಸನೆ ಈಗಲೂ ಬಂದೀತು. ಹೇಡಾಕ್ ಅವರ ಜೇನಿನ ಹಿಟ್ಟಿನ ವಿವರವನ್ನು ಮೊದಲ ಬಾರಿಗೆ ಓದಿದಾಗ ನನಗೆ ನಗು ಬಂತು. ಸೋಯಾ ಮತ್ತು ಹಾಲಿನ ಪುಡಿ - ನಮ್ಮ ಶಾಲೆಯ ಉಪ್ಪಿಟ್ಟೇ! ಆ ಉಪ್ಪಿಟ್ಟನ್ನು ಹಗುರವಾಗಿ ಕಾಣುವ ಅಧಿಕಾರ ಯಾರಿಗೂ ಇಲ್ಲ. ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಮೂರು ಮೈಲಿ ನಡೆದು ಬರುತ್ತಿದ್ದ ಮಕ್ಕಳು ಅದರಿಂದಾಗಿ ಸಂಜೆಯವರೆಗೆ ಬೆಂಚಿನ ಮೇಲೆ ಕುಳಿತಿದ್ದರು. ಎಷ್ಟೋ ಮಕ್ಕಳು ಶಾಲೆ ಬಿಡದಿದ್ದುದು ಅದರ ಪುಣ್ಯ. ಹಸಿವಿನ ಹೊತ್ತಿಗೆ ಬಂದ ಹಿಟ್ಟು ದೇವರ ಪ್ರಸಾದವೇ.

ಆದರೆ ಆ ಹಸಿವಿಗೆ ಕೊನೆಗೆ ದೊರೆತ ಪರಿಹಾರ ಯಾವುದು? ಇನ್ನಷ್ಟು ಉತ್ತಮವಾದ ಪುಡಿ ಅಲ್ಲ. 2002ರಲ್ಲಿ ರಾಜ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ಮುಂದೆ ಎಲ್ಲ ಜಿಲ್ಲೆಗಳಿಗೂ ಬಂದು, ಶಾಲೆಯಲ್ಲಿಯೇ ಒಲೆ ಉರಿಯಿತು. ಅನ್ನ, ಸಾರು, ತರಕಾರಿ ಬೆಂದವು. ಅಂದರೆ ಪರಿಹಾರವು ಊಟದ ಬದಲಿಯಲ್ಲಿ ಇರಲಿಲ್ಲ, ಊಟದಲ್ಲಿತ್ತು. ಜೇನಿಗೆ ಅಡುಗೆಮನೆ ಎಂದರೆ ಹೂವಿರುವ ನೆಲ. ಪುಡಿ ಕೊಟ್ಟು ಪ್ರಾಣ ಉಳಿಸೋಣ. ಆದರೆ ಪುಡಿ ಕೊಟ್ಟೆವೆಂದು ಅಡುಗೆಮನೆಗೆ ಬೀಗ ಹಾಕುವುದು ಸರಿಯಲ್ಲ.

ನನ್ನ ಮಾತಿಗೆ ಎದುರಾಗಿ ಹೇಳಬಹುದಾದುದನ್ನು ನಾನೇ ಹೇಳುತ್ತೇನೆ. ಇನ್ನೂರು ಪೆಟ್ಟಿಗೆ ಯುರೋಪಿಯನ್ ಜೇನು ಇಟ್ಟುಕೊಂಡು, ಲಾರಿಯಲ್ಲಿ ಊರೂರು ಸುತ್ತಿ ಜೀವನ ನಡೆಸುವವರಿದ್ದಾರೆ. 1962ರಲ್ಲಿ ಹಿಮಾಚಲದ ನಗ್ರೋಟಾ ಬಗ್ವಾನ್‌ನಲ್ಲಿ ನೆಲೆಗೊಂಡ ಆ ಜೇನು ಇಂದು ದೇಶದ ಎಷ್ಟೋ ಕುಟುಂಬಗಳ ಅನ್ನದ ಮೂಲ. ಸುಳ್ಯ, ಬೆಳ್ತಂಗಡಿ ಕಡೆಯ ರಬ್ಬರ್ ತೋಟಗಳನ್ನು ನೋಡಿ. ರಬ್ಬರ್ ಮರ ಎಲೆ ಉದುರಿಸಿ ಹೊಸ ಚಿಗುರು ಬಿಡುವಾಗ ಎಲೆಯ ತೊಟ್ಟು ಮೂರಾಗಿ ಒಡೆಯುವ ಜಾಗದಲ್ಲಿರುವ ಗ್ರಂಥಿಗಳಿಂದ ಸಿಹಿರಸ ಒಸರುತ್ತದೆ. ಜೇನು ಬಾಲ್ದಿಗಟ್ಟಲೆ ಸಿಗುತ್ತದೆ. ಆದರೆ ಅದು ಎಲೆಯ ರಸ. ಅದರ ಜೊತೆ ಪರಾಗ ಬರುವುದಿಲ್ಲ. ಜೇನು ಕೋಣೆ ತುಂಬಿರುತ್ತದೆ, ಸಂಸಾರ ಕೋಣೆ ಬರಿದಾಗುತ್ತದೆ. ಉಣ್ಣಲು ಅನ್ನ ರಾಶಿ ಬಿದ್ದಿದೆ, ಸಾರಿಗೆ ಬೇಳೆಯಿಲ್ಲ. ಇಂಥಲ್ಲಿ ಹಿಟ್ಟು ಕೊಡುವುದು ಅನಿವಾರ್ಯ. ನನ್ನ ಅಣ್ಣನ ಮೊಮ್ಮಗಳು ಇರುವ ಕ್ಯಾಲಿಫೋರ್ನಿಯದಲ್ಲಿ ಫೆಬ್ರವರಿಯ ಬಾದಾಮಿ ಹೂವಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕುಟುಂಬಗಳು ಬೇಕು. ಆ ಹೊತ್ತಿಗೆ ಪೆಟ್ಟಿಗೆ ತುಂಬಬೇಕೆಂದು ಚಳಿಗಾಲದಲ್ಲಿಯೇ ಹಿಟ್ಟಿನ ರೊಟ್ಟಿ ಇಡುತ್ತಾರೆ. ಅಲ್ಲಿನ ಸಾಕಣೆದಾರನಿಗೆ "ಕಾಡು ಬೆಳೆಸು" ಎಂದು ಉಪದೇಶಿಸುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೆಂದಂತೆ. ಆಕ್ಸ್‌ಫರ್ಡಿನ ಸಂಶೋಧಕರ ಇನ್ನೊಂದು ಮಾತೂ ವಿಚಾರಯೋಗ್ಯ: ಸಾಕಿದ ಜೇನಿಗೆ ಒಳ್ಳೆಯ ಹಿಟ್ಟು ಸಿಕ್ಕರೆ, ಇರುವ ಅಷ್ಟಿಷ್ಟು ಹೂವಿಗಾಗಿ ಅದು ಕಾಡು ದುಂಬಿಗಳೊಂದಿಗೆ ಪೈಪೋಟಿ ನಡೆಸುವುದು ಕಡಿಮೆಯಾಗಬಹುದು.

ಇದೆಲ್ಲವನ್ನೂ ಒಪ್ಪುತ್ತೇನೆ. ಒಪ್ಪಿದ ಮೇಲೆಯೂ ಉಳಿಯುವ ಪ್ರಶ್ನೆಯೊಂದಿದೆ. ಪೆಟ್ಟಿಗೆಯ ಜೇನಿಗೆ ಯಜಮಾನನಿದ್ದಾನೆ. ಅದು ಹಸಿದರೆ ಅವನಿಗೆ ನಷ್ಟ. ಹಾಗಾಗಿ ಹಿಟ್ಟು ಕಲಸುತ್ತಾನೆ. ಹೆಜ್ಜೇನಿಗೆ ಯಜಮಾನನಾರು? ಪೊದೆಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವ ಕೋಲುಜೇನಿಗೆ? ಗೋಡೆಯ ಬಿರುಕಿನಲ್ಲಿರುವ ಮುಜಂಟಿಗೆ? ಬಿದಿರಿನ ಗಳುವಿನಲ್ಲಿ ತೂತು ಕೊರೆಯುವ ಕರಿದುಂಬಿಗೆ? ಮಣ್ಣಿನೊಳಗೆ ಒಂಟಿಯಾಗಿ ಗೂಡು ಮಾಡುವ, ಹೆಸರೂ ತಿಳಿಯದ ನೂರಾರು ಬಗೆಯ ದುಂಬಿಗಳಿಗೆ? ಎಂಬತ್ತಡಿ ಎತ್ತರದ ಮರದ ಕೊಂಬೆಗೆ ಏಣಿ ಹಾಕಿ ಹೆಜ್ಜೇನಿನ ಎರಿಗೆ ಸೋಯಾ ರೊಟ್ಟಿ ಇಡುವವರನ್ನು ನಾನು ಕಂಡಿಲ್ಲ. ಅವುಗಳಿಗೆ ಇರುವುದು ಹೂವೊಂದೇ.

ಅವುಗಳಿಂದ ನಮಗೇನು ಎಂದು ಕೇಳುವವರಿಗೆ ಎರಡು ಉತ್ತರಗಳಿವೆ. ಮೊದಲನೆಯದು ಕೊಡಗಿನಿಂದ. ಅಲ್ಲಿ ಹೆಚ್ಚಾಗಿ ಬೆಳೆಯುವ ರೋಬಸ್ಟಾ ಕಾಫಿಯು ತನ್ನದೇ ಪರಾಗದಿಂದ ಕಾಯಿ ಕಟ್ಟಲಾರದು. ಬೇರೆ ಗಿಡದ ಪರಾಗ ಬೇಕು. ಹೂಮಳೆ ಬಿದ್ದು, ಗಿಡಗಳು ಬೆಳ್ಳಗೆ ಅರಳಿ, ನಾಲ್ಕೈದು ದಿನಗಳಲ್ಲಿ ಬಾಡುವುದರೊಳಗೆ ಆ ಕೆಲಸ ಮುಗಿಯಬೇಕು. ಅಲ್ಲಿನ ತೋಟಗಳಲ್ಲಿ ನಡೆದ ಅಧ್ಯಯನಗಳಲ್ಲಿ ಮುಖ್ಯ ಕೆಲಸಗಾರರಾಗಿ ಕಂಡುಬಂದವು ಹೆಜ್ಜೇನು, ತುಡುವೆ ಮತ್ತು ಮುಜಂಟಿ. ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲು ಯಾರಿಂದಲೂ ಆಗಿಲ್ಲ. ಕಾಫಿ ಬೆಳೆಗಾರನಿಂದ ಸಂಬಳ ಪಡೆಯದ ಕೆಲಸಗಾರನದು.

ಎರಡನೆಯ ಉತ್ತರ ನಮ್ಮ ಊರಿನದೇ. 1991-92ರ ಹೊತ್ತಿಗೆ ದಕ್ಷಿಣ ಭಾರತಕ್ಕೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂತು. ಮರಿಗಳು ನೀರು ತುಂಬಿದ ಚೀಲಗಳಂತಾಗಿ ಕೋಣೆಯಲ್ಲಿಯೇ ಸಾಯುತ್ತಿದ್ದವು. ಸಾಕಿದ ತುಡುವೆ ಕುಟುಂಬಗಳಲ್ಲಿ ಶೇಕಡ 90ಕ್ಕೂ ಹೆಚ್ಚು ನಾಶವಾದವೆಂದು ಅಂದಾಜು. ನಮ್ಮ ಸುತ್ತಿನ ಮನೆಗಳಲ್ಲಿ ಸಾಲುಸಾಲು ಪೆಟ್ಟಿಗೆಗಳು ಬರಿದಾದವು. ಕೆಲವರು ಅವುಗಳಲ್ಲಿ ಅಡಿಕೆ ಗೊನೆಯ ಹಗ್ಗ, ಹಳೆಯ ಕತ್ತಿ ಇಟ್ಟುಕೊಂಡರು. ಅನಂತರ ಪೆಟ್ಟಿಗೆ ಮತ್ತೆ ತುಂಬಿದ್ದು ಎಲ್ಲಿಂದ? ಹುತ್ತದಿಂದ, ಮರದ ಪೊಟರೆಯಿಂದ, ಕಲ್ಲಿನ ಸಂದಿನಿಂದ. ರೋಗವನ್ನು ತಡೆದುಕೊಂಡು ಬದುಕಿ ಉಳಿದ ಕಾಡಿನ ಕುಟುಂಬಗಳನ್ನು ಹಿಡಿದು ತಂದು ಜನ ಮತ್ತೆ ಸಾಕಿದರು. ಇಂದು ನಮ್ಮ ಪೆಟ್ಟಿಗೆಯಲ್ಲಿರುವ ತುಡುವೆ ಬಹುತೇಕ ಆ ಯಜಮಾನನಿಲ್ಲದ ಜೇನಿನ ಮೊಮ್ಮಕ್ಕಳೇ. ನಾಳೆ ಇನ್ನೊಂದು ರೋಗ ಬಂದರೆ ನಾವು ಮತ್ತೆ ಹೋಗಬೇಕಾದುದು ಅದೇ ಹುತ್ತದ ಬಳಿಗೆ. ಪೆಟ್ಟಿಗೆಗೆ ಮಾತ್ರ ಹಿಟ್ಟು ಹಾಕಿ ಹುತ್ತದ ಸುತ್ತ ಹೂವಿಲ್ಲದಂತೆ ಮಾಡಿದ್ದರೆ, ಆ ದಿನ ಹುತ್ತ ಬರಿದಾಗಿರುತ್ತದೆ.

ಹಿಟ್ಟು ಒಳ್ಳೆಯದಾದಷ್ಟೂ ನನ್ನ ಆತಂಕ ಹೆಚ್ಚುತ್ತದೆ ಎಂದುದು ಇದಕ್ಕಾಗಿ. ಇಂದು ಪೆಟ್ಟಿಗೆಯ ಜೇನು ಸೊರಗಿದರೆ ಯಜಮಾನ ಗಾಬರಿಯಾಗಿ ಸುತ್ತಲ ಹೂವನ್ನು ನೋಡುತ್ತಾನೆ. ಅದು ಊರಿಗೆಲ್ಲ ಒಂದು ಎಚ್ಚರಿಕೆಯ ಗಂಟೆ. ಪರಿಪೂರ್ಣವಾದ ಹಿಟ್ಟು ಬಂದ ದಿನ ಆ ಗಂಟೆ ಬಾರಿಸುವುದು ನಿಲ್ಲುತ್ತದೆ. ಪೆಟ್ಟಿಗೆ ತುಂಬಿರುತ್ತದೆ, ವರದಿಯಲ್ಲಿ ಜೇನುಕೃಷಿ ಪ್ರಗತಿ ಸಾಧಿಸಿರುತ್ತದೆ, ಉಳಿದ ಜೇನುಗಳು ಸದ್ದಿಲ್ಲದೆ ಹೋಗಿರುತ್ತವೆ. 2020ರಲ್ಲಿ ಕೇಂದ್ರ ಸರಕಾರ 500 ಕೋಟಿ ರೂಪಾಯಿಯ ರಾಷ್ಟ್ರೀಯ ಜೇನುಸಾಕಣೆ ಮಿಷನ್ ಘೋಷಿಸಿದಾಗ ನನ್ನಂಥವರು ಹಿಗ್ಗಿದೆವು. ಇಂಥ ಯೋಜನೆಗಳ ಹಣದಲ್ಲಿ ಪೆಟ್ಟಿಗೆಗೆಷ್ಟು ಎಂದು ಕೇಳುವಂತೆಯೇ ಹೂವಿಗೆಷ್ಟು ಎಂದೂ ನಾವು ಕೇಳಬೇಕು. ಹತ್ತು ಪೆಟ್ಟಿಗೆ ಕೊಡುವಾಗ, ಆ ಜಾಗದಲ್ಲಿ ಹನ್ನೆರಡು ತಿಂಗಳೂ ಏನು ಹೂ ಬಿಡುತ್ತದೆಂಬ ಪಟ್ಟಿಯನ್ನು ರೈತನಿಂದ ಬರೆಯಿಸಿ ತೆಗೆದುಕೊಳ್ಳಲಿ. ಅದಕ್ಕೆ ಖರ್ಚಾಗುವುದು ಒಂದು ಹಾಳೆ ಕಾಗದ.

ಬರಿಯ ಉಪದೇಶ ಮಾಡಿ ಬಿಟ್ಟರೆ ನೀವು ನನ್ನನ್ನು ಬಿಡುವವರಲ್ಲ. ಆದುದರಿಂದ ಸಾಕುವವರಿಗೆ ನಾಲ್ಕು ಮಾತು. ಹಿಟ್ಟು ಕೊಡುವ ಮೊದಲು ಮಳೆ ಬಿಟ್ಟ ಹೊತ್ತಿನಲ್ಲಿ ಸಂಸಾರ ಕೋಣೆಯ ಒಂದು ಚೌಕಟ್ಟನ್ನು ಎತ್ತಿ ನೋಡಿ. ಮರಿಗಳಿರುವ ಜಾಗದ ಸುತ್ತ ಕಮಾನಿನಂತೆ ಪರಾಗದ ಬಣ್ಣಬಣ್ಣದ ಕೋಣೆಗಳಿದ್ದರೆ ಪ್ಯಾಕೆಟ್ಟನ್ನು ಒಡೆಯಬೇಡಿ. ಪರಾಗದ ಸುಳಿವಿಲ್ಲದೆ, ಮೊಟ್ಟೆಯಿದ್ದೂ ಮರಿಯಿಲ್ಲದಿದ್ದರೆ, ಬಿಸಿಲು ಕಂಡ ಬೆಳಗ್ಗೆಯೂ ಬಾಗಿಲಿಗೆ ಬರುವ ನೊಣಗಳ ಕಾಲು ಬರಿದಾಗಿದ್ದರೆ, ಆಗ ಕೊಡಿ. ಮೂರ್ನಾಲ್ಕು ದಿನದಲ್ಲಿ ತಿಂದು ಮುಗಿಸುವಷ್ಟು ಚಿಕ್ಕ ತುಂಡು, ಮಿಕ್ಕಿದ್ದನ್ನು ತೆಗೆದುಬಿಡಿ. ಹಿಟ್ಟು ಕಲಸಲು ಅಂಗಡಿಯ ಜೇನನ್ನಾಗಲಿ, ಎಲ್ಲಿಂದಲೋ ಬಂದ ಪರಾಗವನ್ನಾಗಲಿ ಬಳಸಬೇಡಿ; ಮರಿಗಳ ಕೊಳೆರೋಗದ ಬೀಜ ಅವುಗಳಲ್ಲಿ ಅಡಗಿರಬಹುದು. ಹಲವು ಬಗೆಯ ಹೂವುಗಳ ಪರಾಗ ತಿಂದ ನೊಣಗಳಿಗೆ ಒಂದೇ ಬಗೆಯದನ್ನು ತಿಂದವುಗಳಿಗಿಂತ ರೋಗ ತಡೆಯುವ ಶಕ್ತಿ ಹೆಚ್ಚಿರುತ್ತದೆಂದು 2010ರಲ್ಲಿ ಫ್ರಾನ್ಸಿನ ಸಂಶೋಧಕರು ತೋರಿಸಿದ್ದಾರೆ. ಯಾವ ಪ್ಯಾಕೆಟ್ಟಿಗಿಂತಲೂ ಬಗೆಬಗೆಯ ಹೂವುಗಳಿರುವ ಬೇಲಿಯೇ ಉತ್ತಮ ವೈದ್ಯ.

ಪೆಟ್ಟಿಗೆಯಿಲ್ಲದವರಿಗೆ ಒಂದೇ ಮಾತು. ನಿಮ್ಮಲ್ಲಿ ತೋಟವಿರುವವರಿದ್ದೀರಿ, ಪಂಚಾಯತಿನಲ್ಲಿ ಇರುವವರಿದ್ದೀರಿ, ರಸ್ತೆ ಮಾಡಿಸುವ ಇಂಜಿನಿಯರುಗಳಿದ್ದೀರಿ, ಬೆಂಗಳೂರಿನ ಮನೆಯ ಮುಂದೆ ನಾಲ್ಕು ಅಡಿ ಮಣ್ಣಿರುವವರೂ ಇದ್ದೀರಿ. ಇಡೀ ಜಾಗವನ್ನು ಒಂದೇ ದಿನ ಬೋಳಿಸಬೇಡಿ. ಕಳೆನಾಶಕವನ್ನು ಬಿಡಲಾಗದಿದ್ದರೂ ಬೇಲಿಯ ಬದಿಯ ಮೂರಡಿಗೆ ಅದನ್ನು ತಾಗಿಸಬೇಡಿ. ಯಂತ್ರದಿಂದ ಹುಲ್ಲು ಹೊಡೆಸುವವರು ಅರ್ಧ ಈ ವಾರ, ಅರ್ಧ ಮೂರು ವಾರ ಬಿಟ್ಟು ಹೊಡೆಸಿ. ಮುಟ್ಟಿದರೆ ಮುನಿ ಕಾಲಿಗೆ ಚುಚ್ಚುತ್ತದೆ, ನಿಜ. ಚಪ್ಪಲಿ ಹಾಕಿಕೊಂಡು ನಡೆಯೋಣ.

ಈ ಬಗ್ಗೆ ನಿಮ್ಮ ಅನುಭವ ಬೇರೆಯಿದ್ದರೆ ಖಂಡಿತವಾಗಿ ಬರೆಯಿರಿ. ಹಿಟ್ಟು ಕೊಟ್ಟು ಒಳ್ಳೆಯದಾದವರು ಮುಖ್ಯವಾಗಿ ಬರೆಯಬೇಕು. ಯಾವ ತಿಂಗಳು, ಎಷ್ಟು, ಸುತ್ತ ಯಾವ ಹೂವಿತ್ತು ಎಂಬ ಲೆಕ್ಕದೊಂದಿಗೆ. ಲೆಕ್ಕವಿಲ್ಲದ ಉತ್ತರಕ್ಕೆ ನಾನು ಅಂದೂ ಅಂಕ ಕೊಡುತ್ತಿರಲಿಲ್ಲ ಎಂಬುದು ನಿಮಗೆ ನೆನಪಿರಬಹುದು.